ಸೇಡಮಿನ ಪಡಸಾಲೆಯಲ್ಲಿ ಫೆಟಲ್

ಇದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಇಂಗ್ಲಿಷರೇ ಅರ್ಧ ಮರೆತ ಒಂದು ಹಳೇ ಶಬ್ದದ ಬಲದಿಂದ ಶಹಾಬಾದಿನ ಒಬ್ಬ ಕರಿಗೈ ಹುಡುಗನಿಗೆ ಸೇಡಮಿನ ಹೆಣ್ಣು ಸಿಕ್ಕಿತು ಎಂದರೆ ಯಾರು ತಾನೇ ನಂಬುತ್ತಾರೆ? ಆ ಹುಡುಗ ನಾನು. ಆ ಹೆಣ್ಣು ಈಗ ಒಳಗೆ ಕೂತು, "ಬರೀರಿ ಬರೀರಿ, ಎಷ್ಟ್ ಸುಳ್ಳ್ ಬರೀತೀರಿ ನೋಡ್ತೀನಿ" ಅನ್ನುತ್ತಿದ್ದಾಳೆ.

ಮೊನ್ನೆ ಪಕ್ಕದ ಮನೆಗೆ ಹೊಸ ಗೇಟು ಕೂರಿಸುತ್ತಿದ್ದರು. ವೆಲ್ಡರ್ ಗ್ರೈಂಡರ್ ಹಚ್ಚಿದ. ಕಿಡಿ ಹಾರಿತು, ಅದರ ಹಿಂದೆಯೇ ಆ ವಾಸನೆ... ಸುಟ್ಟ ಕಬ್ಬಿಣದ ಪುಡಿಯದು, ನಾಲಿಗೆಯ ಮೇಲೆ ಹಳೇ ನಾಣ್ಯ ಇಟ್ಟ ಹಾಗೆ. ಒಂದು ಕಾಲದಲ್ಲಿ ನನ್ನ ಮೈಯೆಲ್ಲ ಅದೇ ನಾತ. ಸಂಜೆ ನಾನು ಓಣಿಯಲ್ಲಿ ಬಂದರೆ ಮಂದಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸರಿಯದವರು ಒಬ್ಬರೇ, ಬಾಜು ಮನೆಯ ಇಂಗ್ಲಿಷ್ ಮಾಸ್ತರು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಫೌಂಡ್ರಿಯಲ್ಲಿ ಅಚ್ಚಿನಿಂದ ಹೊರಗೆ ಬಂದ ಎರಕಕ್ಕೆ ಅಂಚಿನಲ್ಲಿ ಮುಳ್ಳು, ಗಂಟು, ಅಂಟಿಕೊಂಡ ಮರಳು ಇರುತ್ತವೆ. ಅವನ್ನು ಉಳಿ ಹಾಕಿ ಹೊಡೆದು, ಉಜ್ಜಿ, ನುಣುಪು ಮಾಡುವುದು. ಆ ಶೆಡ್ಡಿಗೆ ಫೆಟ್ಲಿಂಗ್ ಶಾಪ್ ಎಂದು ಹೆಸರು. ಅಲ್ಲಿ ನನ್ನಂಥ ಕೈ ಇನ್ನೊಂದಿರಲಿಲ್ಲ. ಇದು ಬಡಾಯಿ ಅಲ್ಲ. ಜೊತೆಗಿದ್ದವರೆಲ್ಲ ಸತ್ತಿದ್ದಾರೆ, ಸುಳ್ಳು ಅನ್ನಲು ಯಾರೂ ಉಳಿದಿಲ್ಲ.

ಮಾಸ್ತರನ್ನು ಕಾಡುವುದೆಂದರೆ ನನಗೆ ಹಬ್ಬ. ಒಮ್ಮೆ ಅವರ ಮಡಚಿದ ಕೊಡೆಯೊಳಗೆ ಚುರುಮುರಿ ತುಂಬಿಟ್ಟಿದ್ದೆ. ಹೆಡ್ ಮಾಸ್ತರರ ಮುಂದೆಯೇ ಬಿಚ್ಚಿದರಂತೆ. ಹಾಗೆಯೇ ಒಂದು ಸಂಜೆ ಕಟ್ಟೆಯ ಮೇಲೆ ಹತ್ತು ಮಂದಿ ಕೂತಿದ್ದಾಗ, ಬೇಕಂತಲೇ ಕೇಳಿದೆ: "ಸರ್, ಎಲ್ಲಾ ಇಂಗ್ಲಿಷ್ ನಿಮಗ ಬರ್ತದಂತಲ್ಲ, ಫೆಟಲ್ ಅಂದ್ರ ಏನ್ರಿ?"

"ಗೊತ್ತಿಲ್ಲ ತಮ್ಮಾ. ಹುಡುಕಿ ಹೇಳ್ತೀನಿ" ಅಂದರು.

ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ಮಜಾ ನೋಡಲು ಬಂದ ನನಗೆ ಮಜಾ ಸಿಗಲಿಲ್ಲ. ಮುಂದೆ ಶುರುವಾಯಿತು ನೋಡಿ... ಎಲ್ಲೆಲ್ಲಿಂದಲೋ ದಪ್ಪ ದಪ್ಪ ನಿಘಂಟು ತರಿಸಿ ಓದುವುದು, ಊಟದ ಕೈಯಲ್ಲೇ ನನ್ನ ಬಾಗಿಲಿಗೆ ಬರುವುದು.

"ಪಟ್ಟಿ! ಸೊಂಟದ ಪಟ್ಟಿ! ಭಾಳ ಹಳೇ ಇಂಗ್ಲಿಷಿನ್ಯಾಗ ಅದಕ್ಕ ಹಿಂಗ ಅಂತಿದ್ರು. ಪಟ್ಟಿ ಬಿಗದ್ರ ಮನುಷ್ಯ ಕೆಲಸಕ್ಕ ತಯಾರಾದ, ಹೌದಿಲ್ಲೋ? ಅಲ್ಲಿಂದನೇ ತಯಾರ್ ಮಾಡೋದು, ನೆಟ್ಟಗ ಮಾಡೋದು ಅನ್ನೋ ಅರ್ಥ ಬಂದಿರಬೇಕು ಅಂತ ತಿಳದವ್ರ ಅಂದಾಜದ."

ಇನ್ನೊಂದು ದಿನ, ಇಂಗ್ಲೆಂಡಿನ ಉತ್ತರದ ಕಡೆ ಹೆಂಗಸರು ಮನೆ ಒಪ್ಪ ಮಾಡುವುದಕ್ಕೂ ಗಂಡಸರು ಕುದುರೆಯ ಮೈ ತಿಕ್ಕಿ ಸಜ್ಜು ಮಾಡುವುದಕ್ಕೂ ಅದೇ ಮಾತು ಎಂದು ಹೇಳಿದರು. ಆಸ್ಟ್ರೇಲಿಯಾದಲ್ಲಿ ರೈಲು ಹಳಿ ರಿಪೇರಿ ಮಾಡುವವನಿಗೆ ಫೆಟ್ಲರ್ ಅನ್ನುತ್ತಾರೆಂದು ತಿಳಿದ ಮೇಲಂತೂ ವಾಡಿ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್ನರು ಕಂಡರೆ ಸಾಕು, ಕೈ ಮುಗಿದು ನನ್ನ ಕಡೆ ತಿರುಗುತ್ತಿದ್ದರು: "ನಿಮ್ಮ ಬಳಗ."

ಇಷ್ಟು ಹೆಸರಿನ ಕೆಲಸವಾದರೂ ನನಗೆ ಹೆಣ್ಣು ಕೊಡುವವರಿರಲಿಲ್ಲ. ಚಿತ್ತಾಪುರದವರು ಉಗುರಿನ ಸಂದು ನೋಡಿ ಎದ್ದು ಹೋದರು. ಚಿಂಚೋಳಿಯವರು ಚಹಾ ಕುಡಿದು ಎದ್ದು ಹೋದರು. ಅವೆರಡಕ್ಕೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಸೇಡಮಿನದು ಹಾಗಲ್ಲ. ಆ ಹುಡುಗಿ ಯಾರದೋ ಮದುವೆಗೆಂದು ಶಹಾಬಾದಿಗೆ ಬಂದಿದ್ದಳು. ನಾನು ಅವಳ ಚಪ್ಪಲಿ ಮುಚ್ಚಿಟ್ಟೆ. ಅವಳು ನೇರ ಹೋಗಿ ನನ್ನ ಸೈಕಲ್ಲಿನ ಎರಡೂ ಗಾಲಿಯ ಗಾಳಿ ಬಿಟ್ಟಳು. ನನ್ನ ಚೇಷ್ಟೆಯನ್ನು ಬಡ್ಡಿ ಸಮೇತ ತಿರುಗಿಸಿ ಕೊಟ್ಟ ಮೊದಲ ಮನುಷ್ಯ ಅವಳು. ಸೈಕಲ್ ತಳ್ಳಿಕೊಂಡು ಮನೆಗೆ ಬರುವಾಗಲೇ ನಿಶ್ಚಯ ಮಾಡಿದೆ, ಮದುವೆಯಾದರೆ ಇವಳನ್ನೇ.

ನನಗೆ ಅಪ್ಪ ಇರಲಿಲ್ಲ. ಅವ್ವನ ಜೊತೆ ಹಿರಿಯರಾಗಿ ಮಾಸ್ತರೇ ಹೊರಟರು. ರೈಲಿನಲ್ಲಿ ಅವರ ಪಕ್ಕಕ್ಕೆ ಕೂತು ಮೆಲ್ಲಗೆ ಅಂದೆ, "ಸರ್, ಅಲ್ಲಿ ನನ್ನ ಎಂಜಿನಿಯರ್ ಅಂತ ಹೇಳ್ರಿ. ನಿಮ್ಮ ಮಾತು ಮಂದಿ ನಂಬ್ತಾರ."

"ಹೇಳಂಗಿಲ್ಲ" ಅಂದರು ಮಾಸ್ತರು.

"ಒಂದ್ ಸುಳ್ಳಿಗೆ ನಿಮ್ದೇನ್ ಹೋಗ್ತದ್ರಿ? ಹೋದ್ರ ನನ್ನ ಹೆಣ್ಣು ಹೋಗ್ತದ!"

"ಹೋಗ್ಲಿ ಬಿಡು. ಎಂಜಿನಿಯರಗ ಕೊಡೋ ಹೆಣ್ಣು ಎಂಜಿನಿಯರನ ಹೆಂಡ್ತಿ. ನಿನಗ್ಯಾಕ ಅವನ ಹೆಂಡ್ತಿ?"

ಅವ್ವ ಸೆರಗು ಬಾಯಿಗೊತ್ತಿ ನಕ್ಕಳು. ನನಗೆ ಮೈ ಉರಿಯಿತು. "ನಿಮ್ಮನ್ನ ಕರಕೊಂಡು ಬಂದದ್ದೇ ತಪ್ಪಾತು."

"ಇನ್ನೊಂದ್ ಅರ್ಥ ನಿನಗ ಹೇಳಿಲ್ಲ ನೋಡು" ಅಂದರು ಮಾಸ್ತರು. "ಯಾರಿಗರ ಎರಡು ಬಿಗಿಯೋದಕ್ಕೂ ಫೆಟಲ್ ಅಂತಾರ. ಬೇಕೇನು?"

ಸೇಡಮಿನಲ್ಲಿ ಹುಡುಗಿಯ ಅಪ್ಪನದು ಬಟ್ಟೆ ಅಂಗಡಿ, ಮನೆ ಅದರ ಹಿಂದೆಯೇ. ಚುರುಮುರಿಯ ಸುಸಲಾ, ಮಿರ್ಚಿ ಭಜಿ ಬಂದವು. ಹುಡುಗಿ ಬಂದು ಮಣೆಯ ಮೇಲೆ ಕೂತಳು. ನಮ್ಮ ಕಡೆ ಗಂಡಿನವರು ಹೆಣ್ಣನ್ನು ನಡೆಸಿ ನೋಡುತ್ತಿದ್ದರು, ಓದಿಸಿ ನೋಡುತ್ತಿದ್ದರು, ಸೂಜಿಗೆ ದಾರ ಪೋಣಿಸಲು ಹಚ್ಚಿ ನೋಡುತ್ತಿದ್ದರು. ಅವ್ವ ರೂಢಿಯಂತೆ ಶುರು ಮಾಡಿದಳು, "ಒಂದೀಟ್ ನಡದು ತೋರಸವ್ವ."

"ಬ್ಯಾಡ್ರಿ ವೈನಿ" ಅಂದರು ಮಾಸ್ತರು. "ಅಕಿ ನಡಕೋತನೇ ಬಂದಾಳ. ಪರೀಕ್ಷಾ ಮಾಡೋದಿದ್ರ ನಮ್ಮ ಹುಡುಗನ್ನ ಮಾಡ್ರಿ."

ಹುಡುಗಿ ಮೊದಲ ಸಲ ತಲೆ ಎತ್ತಿದಳು. ಅವಳಪ್ಪ ಗಂಟಲು ಸರಿ ಮಾಡಿಕೊಂಡರು. "ಹಂಗಾರ ಕೇಳೇ ಬಿಡ್ತೀನಿ. ಏನ್ ಕೆಲಸಾ ನಿಂದು?"

"ಎಂಜಿ..." ಅನ್ನುವಷ್ಟರಲ್ಲಿ ಮಾಸ್ತರು ನನ್ನ ಕಾಲು ತುಳಿದರು. "ಫೆಟ್ಲರ್" ಎಂದು ತಾವೇ ಹೇಳಿ, ಸೊಂಟದ ಪಟ್ಟಿಯಿಂದ ಹಿಡಿದು ಕುದುರೆ, ಮನೆ, ರೈಲು ಹಳಿ, ಎರಕದವರೆಗೆ ಆ ಶಬ್ದದ ವಂಶಾವಳಿಯನ್ನೆಲ್ಲ ಬಿಚ್ಚಿದರು. ತಣ್ಣಗಾದ ಭಜಿಯ ಮುಂದೆ ಅಷ್ಟು ದೊಡ್ಡ ಪಾಠ ಯಾವ ಕಾಲೇಜಿನಲ್ಲೂ ನಡೆದಿರಲಿಕ್ಕಿಲ್ಲ.

"ಎಷ್ಟ್ ಸುತ್ತಿದ್ರೂ ಕಬ್ಬಿಣಾ ತಿಕ್ಕೋದೇ ಅಲ್ಲೇನ್ರಿ ಸರ್?" ಅಂದರು ಹುಡುಗಿಯ ಅಪ್ಪ.

"ಹೌದ್ರಿ, ತಿಕ್ಕೋದೇ. ನೀವು ಬಟ್ಟಿ ಹರೀತೀರಿ, ನಾ ಸೀಮೆಸುಣ್ಣಾ ಸವಸ್ತೀನಿ. ಇವನ ಕೆಲಸಕ್ಕ ಸಾವಿರ ವರ್ಷದ ಹಳೇ ಹೆಸರರ ಅದ. ನಮ್ದಕ್ಕೇನದ ಹೇಳ್ರಿ?"

ಹುಡುಗಿಯ ಅಪ್ಪನ ಮುಖ ಕೆಂಪಾಯಿತು. ಅವ್ವ ತನ್ನ ಕೈಚೀಲ ಹುಡುಕತೊಡಗಿದಳು. ಮೂರನೇ ಮನೆಯೂ ಹೋಯಿತು ಎಂದು ನಾನು ಎದ್ದೇ ಬಿಟ್ಟಿದ್ದೆ. ಅಷ್ಟರಲ್ಲಿ ಹುಡುಗಿಯ ಅಜ್ಜಿ ಅಡಿಗೆಮನೆಯಿಂದ ಎರಡೂ ಕೈಯಲ್ಲಿ ಎರಕದ ಶಾವಿಗೆ ಮಷಿನ್ ಹಿಡಿದು ಬಂದು, ನನ್ನ ಕಾಲ ಬಳಿ ದಪ್ಪೆಂದು ಇಟ್ಟಳು.

"ಮಾತು ಸಾಕು. ಇದು ತಂದಾಗಿಂದ ನನ್ನ ಬೆರಳು ಕೊಯ್ಲಿಕತ್ತದ. ನೆಟ್ಟಗ ಮಾಡ್ತೀಯೇನೋ ತಮ್ಮಾ?"

ನೋಡಿದೆ. ಅಂಚಿನುದ್ದಕ್ಕೂ ಎರಕದ ಮುಳ್ಳು. ಯಾವನೋ ಮೈಗಳ್ಳ ಉಜ್ಜದೆ ಬಣ್ಣ ಬಳಿದು ಕಳಿಸಿದ್ದ. ಬಾಜು ಸೈಕಲ್ ಅಂಗಡಿಯಿಂದ ಕಬ್ಬಿಣ ಉಜ್ಜುವ ಅರ ತರಿಸಿದರು. ಹೆಣ್ಣು ನೋಡಲು ಹೋದವನು ಇಸ್ತ್ರಿಯ ಬಿಳಿ ಅಂಗಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅರ ಎಳೆಯುತ್ತಿದ್ದೇನೆ, ಹೆಣ್ಣಿನ ಕಡೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದಾರೆ! ಹುಡುಗಿಯ ಅಪ್ಪ ಮೊದಲು ಗೋಡೆಯ ಕಡೆ ಮುಖ ಮಾಡಿದ್ದರು. ಸ್ವಲ್ಪ ಹೊತ್ತಿಗೆ ಕುರ್ಚಿ ಹತ್ತಿರ ಎಳೆದುಕೊಂಡರು. ಕೆಲಸ ಮುಗಿದಾಗ ನನ್ನ ಅಂಗಿ ಬೂದು ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಅಂಚಿನ ಮೇಲೆ ಹೆಬ್ಬೆರಳು ಎಳೆದಳು, ಇನ್ನೊಮ್ಮೆ ಎಳೆದಳು.

"ಬೆಣ್ಣಿ ಆಗ್ಯದ ನೋಡ್ರಿ."

ಆಗ ಮಣೆಯ ಮೇಲಿಂದ ಹುಡುಗಿ ಅಂದಳು, "ಆ ಅಂಗಿ ನಾ ಒಗಿಯಂಗಿಲ್ಲ ಮತ್ತ."

ಮಾಸ್ತರು ಜೋರಾಗಿ ನಕ್ಕುಬಿಟ್ಟರು. "ಬೀಗರ, ಪೋರಿ ಅಂಗಿ ಒಗಿಯೋ ತನಾ ಹೋಗ್ಯಾಳ. ನಾವಿನ್ನೂ ಇಲ್ಲೇ ಅದೀವಿ!"

ನನ್ನ ಮದುವೆಯಾದ ಮೇಲೆ ಮಾಸ್ತರಿಗೆ ಇನ್ನೂ ಒಂದು ಅರ್ಥ ಸಿಕ್ಕಿತು. ಮೈಯ ಸ್ಥಿತಿಗೂ ಫೆಟಲ್ ಅನ್ನುತ್ತಾರೆ, ಅದಕ್ಕೇ ಉತ್ತರದ ಕೆಲವು ಊರುಗಳಲ್ಲಿ ಎದುರು ಸಿಕ್ಕವರನ್ನು ಆರಾಮ ಇದ್ದೀರಾ ಎಂದು ಕೇಳುವುದೂ ಆ ಮಾತಿನಿಂದಲೇ. ಅಂದಿನಿಂದ ನಿತ್ಯ ಬೆಳಿಗ್ಗೆ ಗೋಡೆಯ ಮೇಲಿಂದ ಒಂದೇ ಕೂಗು: "ಏನ್ ಫೆಟಲ್?" ಫೌಂಡ್ರಿ ಮುಚ್ಚಿತು, ಶೆಡ್ಡಿನ ತಗಡು ಹೋಯಿತು, ಜೊತೆಗಿದ್ದವರು ಎಲ್ಲೆಲ್ಲೋ ವಾಚ್‌ಮನ್ ಆದರು. ಕೂಗು ನಿಲ್ಲಲಿಲ್ಲ. ಅದು ಸತ್ತ ಶಬ್ದ ಎಂದು ಅವರ ಶಾಲೆಯವರೊಬ್ಬರು ಅಂದರೆ, "ಸತ್ತದ್ದಾ? ನನ್ನ ಬಾಜು ಮನ್ಯಾಗ ಎರಡು ಹೊತ್ತು ಉಣ್ಲಿಕತ್ತದ" ಎಂದು ನನ್ನ ಕಡೆ ಕೈ ತೋರಿಸಿದ್ದರು.

ಕೊನೆಗೆ ಮಾಸ್ತರು ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ಹೋಗಿ ಮಂಚದ ಪಕ್ಕ ನಿಂತೆ. ಕಣ್ಣು ತೆರೆದರು. ತುಟಿ ಅಲುಗಿತು. "ಏನ್ ಫೆಟಲ್?" "ಬೆಣ್ಣಿ, ಸರ್" ಅಂದೆ. ನಕ್ಕರು...

ಮೊನ್ನೆ ಆ ಗೇಟಿನ ಅಂಚಿಗೆ ಕೈ ಆಡಿಸಿ, ಇಲ್ಲೊಂದು ಮುಳ್ಳು ಉಳಿದಿದೆ ಎಂದು ವೆಲ್ಡರಿಗೆ ತೋರಿಸಿದೆ. "ಪೇಂಟ್ ಹಚ್ಚಿದ್ರ ಕಾಣಂಗಿಲ್ಲ ಬಿಡ್ರಿ ಅಜ್ಜಾ" ಅಂದ. "ಕಣ್ಣಿಗಿ ಕಾಣಂಗಿಲ್ಲ. ಕೈಗಿ ಕಾಣ್ತದ" ಎಂದು ಗ್ರೈಂಡರ್ ಕಸಿದುಕೊಂಡು ನಾನೇ ಉಜ್ಜಿದೆ. ಮುಗಿಸಿ, ಮಾಸ್ತರಿಗೆ ಹೇಳೋಣವೆಂದು ಗೋಡೆಯ ಆ ಕಡೆ ನೋಡಿದೆ. ಅಲ್ಲಿ ಈಗ ಬೇರೆಯವರಿದ್ದಾರೆ.

ಇಷ್ಟರಲ್ಲಿ ಒಂದೇ ಒಂದು ನಾನು ಹುಟ್ಟಿಸಿದ್ದು. ಶಾವಿಗೆ ಮಷಿನ್ ಅಲ್ಲ, ಅದು ಇನ್ನೂ ನಮ್ಮ ಅಟ್ಟದ ಮೇಲಿದೆ. ಆಸ್ಪತ್ರೆಯ ಆ ಮಾತುಕತೆ. ಸುದ್ದಿ ಬಂದಾಗ ನಾನು ಸೇಡಮಿನಲ್ಲಿದ್ದೆ, ವಾಡಿಯಲ್ಲಿ ಗಾಡಿ ನಿಂತೇ ಬಿಟ್ಟಿತು, ನಾನು ಮುಟ್ಟುವ ಹೊತ್ತಿಗೆ ಮಂಚದ ಹಾಸಿಗೆ ಮಡಚಿದ್ದರು. ಅದಷ್ಟನ್ನು ತೆಗೆದುಬಿಡಿ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ. ಸುಳ್ಳು ಹೇಳದಿದ್ದವರು ಮಾಸ್ತರು, ನಾನಲ್ಲ. ತೆಗೆಯುವುದಿಲ್ಲ.