ರಷ್ಯದ ತಾಯಿಗೆ ಹೋದ ಮಾತು

ಟೋಕಿಯೋದ ಫುಕಾಗಾವಾದಲ್ಲಿ ಚಿಪ್ಪುಮೀನು ಮಾರುವವನ ಮಗಳು ಓತಾಕಿ. ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ಅಂಥವಳು ಪುಸ್ತಕದ ಹುಳು ಕುಸಾಕಾ ತೇಯ್ಜಿಯನ್ನು ಮದುವೆಯಾದಾಗ ಅವಳ ಅಣ್ಣ ಗೊನ್ಜೋ, "ಅಯ್ಯೋ ಪಾಪ, ಆ ಮನುಷ್ಯ!" ಎಂದು ನಕ್ಕಿದ್ದ.

ತೇಯ್ಜಿ ರಷ್ಯನ್ ಕಲಿತವನು. ಆಗ ಟೋಕಿಯೋದಲ್ಲಿ ಪರದೇಶದ ಕಾದಂಬರಿಗಳನ್ನು ಜಪಾನಿ ಭಾಷೆಗೆ ತರುವವರೇ ಕಡಿಮೆ. ತಂದವರೂ ಪಂಡಿತರ ಗಡಸು ಭಾಷೆ ಬಿಡುತ್ತಿರಲಿಲ್ಲ. ತೇಯ್ಜಿಗೆ ಬೀದಿಯ ಮಾತು ಬೇಕಿತ್ತು. ಸಮುರಾಯ್ ಮನೆಯಲ್ಲಿ ಬೆಳೆದವನ ನಾಲಿಗೆಗೆ ಅದು ಬರುತ್ತಿರಲಿಲ್ಲ. ಹೆಂಡತಿ ಮೀನಿನವನನ್ನು ಬೈಯುವಾಗ ಬಾಗಿಲ ಮರೆಯಲ್ಲಿ ಬರೆಯುವ ಕುಂಚ ಹಿಡಿದು ಕೂರುತ್ತಿದ್ದ.

"ಬರ್ಕೊಳ್ಳಿ, ಬರ್ಕೊಳ್ಳಿ. ನಿಮ್ಮ ರಷ್ಯದವ್ರೂ ಒಂದೆರಡು ಬೈಗುಳ ಕಲೀಲಿ," ಎನ್ನುತ್ತಿದ್ದಳು ಓತಾಕಿ.

ಆಮೇಲೆ ಗಂಟಲಮಾರಿ ಬಂದು ಮಗಳು ಮಿಯೋ ತೀರಿಕೊಂಡಳು. ಆಗಷ್ಟೇ ಓಡಾಡಲು ಕಲಿತಿದ್ದ ಮಗು. ಅದರ ಪಾದಗಳನ್ನು ಎದೆಗೊತ್ತಿಕೊಂಡು ಓತಾಕಿ ಮೆಲ್ಲಗೆ ಹೇಳಿದಳು: "ಕಾಲು ತಣ್ಣಗಾಗಿದೆ ಕಣೇ. ಒಂಚೂರು ಬೆಚ್ಚಗೆ ಮಾಡ್ಕೊಂಡು ಹೋಗೇ." ಪಕ್ಕದಲ್ಲಿ ತೇಯ್ಜಿ ಒಬ್ಬನೇ ಇದ್ದ.

ಮರುವರ್ಷ ಅವನ ಹೊಸ ಅನುವಾದ ಬಂದು ಊರೆಲ್ಲ ಅದರದೇ ಸುದ್ದಿ. ಬೀದಿಯ ಸಾರ್ವಜನಿಕ ಸ್ನಾನದ ಮನೆಯಲ್ಲಿ ಪೀಪಾಯಿ ಮಾಡುವವನ ಹೆಂಡತಿ ಓಮಾಸ ಬೆನ್ನು ತಿಕ್ಕಿಕೊಳ್ಳುತ್ತಾ ಹೇಳಿದಳು: "ನಿಮ್ಮ ಯಜಮಾನ್ರ ಪುಸ್ತಕಾನ ಮಗಳು ಓದಿ ಹೇಳಿದ್ಲು. ಆ ರಷ್ಯದ ತಾಯಿ ಸತ್ತ ಮಗೂಗೆ 'ಬೆಚ್ಚಗೆ ಮಾಡ್ಕೊಂಡು ಹೋಗೇ' ಅಂತಾಳಲ್ಲ, ಅಬ್ಬಾ! ಅತ್ತು ಅತ್ತು ಸಾಕಾಯ್ತು."

ಓತಾಕಿ ಒದ್ದೆ ಕೂದಲಲ್ಲೇ ಮನೆಗೆ ನಡೆದಳು.

"ಅದು ಯಾರ ಮಾತು?"

ತೇಯ್ಜಿ ತಲೆಯೆತ್ತಲಿಲ್ಲ. "ಮೂಲದಲ್ಲಿ ತಾಯಿ ಬರೀ ಅಳ್ತಾಳೆ. ನಂಗೆ ಬೇರೆ ಮಾತು ಸಿಗ್ಲಿಲ್ಲ."

"ಸಿಗ್ಲಿಲ್ಲಾಂತ ಹೆಣದ ಮುಂದೆ ಕೂತು ಆಯ್ಕೊಂಡ್ರಾ? ನಾನು ಅಳ್ತಿದ್ದಾಗ ನೀವೂ ಅಳ್ತಿದ್ರೋ, ಬರ್ಕೊಳ್ತಿದ್ರೋ?"

"ಇಡೀ ಪುಸ್ತಕದಲ್ಲಿ ನಿಜ ಅನ್ನೋದು ಅದೊಂದೇ, ಓತಾಕಿ."

"ಹಾಗಿದ್ರೆ ಮಿಕ್ಕಿದ್ದನ್ನ ಸುಟ್ಟುಹಾಕಿ! ಬೈಗುಳ ತಗೊಂಡ್ರಿ, ಸುಮ್ನಿದ್ದೆ. ಇದನ್ನ ನಾನು ಅವಳಿಗೆ ಹೇಳಿದ್ದು. ಅವಳೊಬ್ಬಳಿಗೆ!"

ಅವಳು ಎಸೆದ ಮಸಿ ತೇಯುವ ಕಲ್ಲು ಕಾಗದದ ಬಾಗಿಲನ್ನು ಹರಿದುಕೊಂಡು ಅಂಗಳಕ್ಕೆ ಬಿತ್ತು. ಅಂದೇ ಅವಳು ಅಣ್ಣನ ಅಂಗಡಿಗೆ ಹೋಗಿ ಚಿಪ್ಪು ಬಿಡಿಸಲು ಕೂತಳು.

ತೇಯ್ಜಿಯ ಹೆಸರು ಬೆಳೆಯಿತು. ವಿದ್ಯಾರ್ಥಿಗಳು ಆ ಸಾಲನ್ನು ಬಾಯಿಪಾಠ ಮಾಡಿದರು. ಅಂಗಡಿಗೆ ಬಂದವರೂ ಅದನ್ನೇ ಹೇಳುವರು; ಓತಾಕಿಯ ಚೂರಿ ಚಿಪ್ಪಿನೊಳಗೆ ಕಚಕ್ಕನೆ ಇಳಿಯುತ್ತಿತ್ತು.

"ಬಿಟ್ಬಿಡೇ ತಂಗಿ, ಅವನ ಕಸುಬೇ ಅದು," ಎಂದ ಗೊನ್ಜೋ.

"ನಿನ್ ಕೆಲಸ ನೀನ್ ನೋಡ್ಕೋ."

ಶರತ್ಕಾಲದಲ್ಲಿ ತೇಯ್ಜಿ ಎರಡನೆಯ ಮುದ್ರಣ ಹಿಡಿದು ಬಂದ. "ತೆಗೆದುಹಾಕಿದೀನಿ," ಎಂದು ಪುಟ ತೆರೆದು ಬುಟ್ಟಿಯ ಮೇಲಿಟ್ಟ. ಓತಾಕಿ ಕೈ ಒರೆಸಿಕೊಂಡು, ಕಠಿಣ ಅಕ್ಷರಗಳ ಪಕ್ಕದಲ್ಲಿ ಉಚ್ಚಾರಕ್ಕೆಂದು ಕೊಟ್ಟ ಸಣ್ಣ ಅಕ್ಷರ ಕೂಡಿಸಿ ಓದಿದಳು: 'ಮಾತೆಯು ಅಪಾರ ಶೋಕದಿಂದ ರೋದಿಸಿದಳು.'

"ರೋದಿಸಿದಳಂತೆ! ಯಾವ ತಾಯಿ ರೋದಿಸ್ತಾಳ್ರೀ? ಆ ಮಗು ಕಾಲು ಹಿಡ್ಕೊಳ್ಳೋರೇ ಇಲ್ವಾ ಈಗ?"

"ನೀನು ಬೇಡ ಅಂದಿದ್ದಕ್ಕೇ..."

"ಅಂದೆ! ಅಂದೆ ರೀ!"

ಪುಸ್ತಕ ಎತ್ತಿಕೊಂಡು ಅವನ ಹೆಗಲಿಗೆ, ತಲೆಗೆ ಬಾರಿಸಿದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಗಿರಾಕಿಗಳು ಬಾಯಿಬಿಟ್ಟು ನೋಡಿದರು. ಹೊಡೆದು ಸುಸ್ತಾಗಿ ಕೂತವಳಿಗೆ ಗೊನ್ಜೋ ನೀರು ಕೊಟ್ಟ.

ಚಳಿಗಾಲಕ್ಕೆ ಅವಳು ಮನೆಗೆ ಮರಳಿದಳು. ಅಡುಗೆಮನೆಯತ್ತ ಕುಂಚ ಹಿಡಿದು ಸುಳಿಯಕೂಡದು ಎಂದು ಕಟ್ಟುಮಾಡಿದಳು. ತೇಯ್ಜಿ ಅದನ್ನು ಮೀರಲಿಲ್ಲ. ಆದರೆ ಓದುಗರ ಗಲಾಟೆಗೆ ಮಣಿದು ಪ್ರಕಾಶಕ ಇಬ್ಬರನ್ನೂ ಕೇಳದೆ ಮೂರನೆಯ ಮುದ್ರಣದಲ್ಲಿ ಹಳೆಯ ಸಾಲನ್ನೇ ಸೇರಿಸಿದ. ಓತಾಕಿ ಅವನ ಅಂಗಡಿಗೇ ಹೋಗಿ ಕೂಗಾಡಿದಳು. ಅವನು ನಡುಬಗ್ಗಿಸಿ ನಮಸ್ಕರಿಸಿದ, ಚಹಾ ತರಿಸಿದ, ಪುಸ್ತಕ ಮಾರುತ್ತಲೇ ಇದ್ದ.

ವರ್ಷಗಳ ಮೇಲೆ ತೇಯ್ಜಿ ಸತ್ತಾಗ ಪತ್ರಿಕೆಯ ತರುಣನೊಬ್ಬ ಬಂದು, ಆ ಅಮರ ಸಾಲನ್ನು ಯಜಮಾನರು ಹೇಗೆ ಕಂಡುಕೊಂಡರೆಂದು ವಿಧವೆಯನ್ನು ಕೇಳಿದ.

"ಅವ್ರೆಲ್ಲಿ ಕಂಡುಕೊಂಡ್ರು? ನನ್ ಮಗಳಿಗೆ ನಾನು ಹೇಳಿದ್ದು ಅದು!" ಎಂದಳು ಓತಾಕಿ.

ಪಾಪ, ದುಃಖದಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡ ತರುಣ ತಲೆಬಾಗಿಸಿ ಹೊರಟುಹೋದ. ಮರುದಿನ 'ಬೆಚ್ಚಗೆ ಮಾಡ್ಕೊಂಡು ಹೋಗೇ' ಎಂಬ ಮಾತು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ, ಕುಸಾಕಾ ತೇಯ್ಜಿಯ ಹೆಸರಲ್ಲೇ ಬಂತು.