ಕಂಬಳಿಯ ಕೆರೆತದ ವರದಿ

ಕಂಬಳಿ ಮೊದಲು ಕೆರೆದುಕೊಂಡದ್ದು ಬುಧವಾರ ಬೆಳಿಗ್ಗೆ, ಎಡಗಿವಿಯ ಹಿಂದೆ. ಮಧ್ಯಾಹ್ನಕ್ಕೆ ಹೊಟ್ಟೆ. ಸಂಜೆಗೆ ನಾಲ್ಕೂ ಕಾಲು.

ಇದು ಸತತ ಮೂರನೇ ವರ್ಷ. ಸಂಕ್ರಾಂತಿ ಕಳೆದು ತೈ ತಿಂಗಳ ಮಂಜು ಹಿಂದೆಗೆಯುವ ಹೊತ್ತಿಗೆ ಶುರು, ಮಳೆಗೆ ಮುಂಚೆ ನಿಲುಗಡೆ. ಕಂಬಳಿ ನಮ್ಮ ನಾಯಿ. ಯಾವುದೋ ಇಂಗ್ಲಿಷ್ ದೊರೆಯ ಬಂಗಲೆಯ ಜೂಲುನಾಯಿಗೂ ನಮ್ಮ ಹಟ್ಟಿಯ ನಾಯಿಗೂ ಹುಟ್ಟಿದ್ದು. ಮೈತುಂಬ ಕೂದಲಿತ್ತು, ಅದಕ್ಕೇ ಆ ಹೆಸರು. ಈಗ ಹೆಸರು ಮಾತ್ರ ಉಳಿಯುವ ಲಕ್ಷಣ ಕಂಡಿತು.

ನಮ್ಮ ಹಟ್ಟಿ, ಎಂದರೆ ಊರು, ಇರುವುದು ನಂಜನಾಡಿನಿಂದ ಊಟಿಗೆ ಹೋಗುವ ದಾರಿಯಲ್ಲಿ. ನಾನು ಊಟಿಯ ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದೇನೆ. ಯಾವ ದೊರೆ ಬೆಟ್ಟ ಹತ್ತಿದ, ಯಾವ ದೊರೆಸಾನಿ ಇಳಿದಳು ಎಂದು ಪ್ರತಿ ವಾರ ಬರೆಯುವುದು ನನ್ನ ಪಾಲು. ಎಡಿಟರ್ ಮೊದಲ ದಿನವೇ ಒಂದು ಕಟ್ಟಳೆ ಹಾಕಿದ್ದರು: ಕಂಡದ್ದನ್ನು ಬರೆ, ವೇಳೆ ಹಾಕು, ವರದಿಯಲ್ಲಿ ನೀನು ಕಾಣಿಸಿಕೊಳ್ಳಬೇಡ. ಹನ್ನೆರಡು ವರ್ಷ ಪಾಲಿಸಿದ್ದೇನೆ. ಕಂಬಳಿಯ ಕೆರೆತಕ್ಕೂ ಅದೇ ಕ್ರಮದಲ್ಲಿ ಒಂದು ನೋಟುಬುಕ್ಕು ತೆರೆದೆ.

'ಗುರುವಾರ. ಬೆಳಿಗ್ಗೆ ಏಳರಿಂದ ಎಂಟರೊಳಗೆ ನಲವತ್ತೊಂದು ಸಲ. ಬಾಗಿಲ ಕಂಬಕ್ಕೆ ಉಜ್ಜಿದ್ದು ಆರು ಸಲ. ಗೋಡೆಯ ಮಣ್ಣು ಉದುರಿದೆ. ಅವ್ವೆ ಬೈದಳು.'

ಅವ್ವೆ ಎಂದರೆ ನನ್ನ ತಾಯಿ. ಅಪ್ಪ ತೀರಿಕೊಂಡ ಮೇಲೆ ಹಗಲೆಲ್ಲ ಅವಳ ಜೊತೆಗಿರುವುದು ಕಂಬಳಿಯೇ. ಅವಳು ನಾಯಿಗೆ ಬೈಯುವಷ್ಟು ನನ್ನ ಜೊತೆ ಮಾತಾಡಿದ್ದಿಲ್ಲ.

ಮೊದಲ ಮದ್ದು ನೀಲಗಿರಿ ತೈಲ. ಈ ಬೆಟ್ಟದಲ್ಲಿ ಮಂಡಿನೋವಿನಿಂದ ಹಿಡಿದು ಮನೆಜಗಳದವರೆಗೆ ಅದೇ ಮದ್ದು. ಹಚ್ಚಿದ ಕೂಡಲೇ ಕಂಬಳಿ ಅಂಗಳದಲ್ಲಿ ಮೂರು ಸುತ್ತು ಓಡಿತು. ಒಣಗಲು ಹಾಸಿದ್ದ ಬಾರ್ಲಿಯ ಚಾಪೆಯ ಮೇಲೆ ಬಿದ್ದು, ಹೊಟ್ಟೆ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಈಜಿತು. ಆಮೇಲೆ ಒಂದು ವಾರ ಬಾರ್ಲಿ ಗಂಜಿಯಲ್ಲೂ ಅದೇ ವಾಸನೆ.

ಎರಡನೆಯದು ಗಂಧಕ, ಬೇವಿನೆಣ್ಣೆಯಲ್ಲಿ ಕಲಸಿದ್ದು. ನಾಯಿ ಹಳದಿಯಾಯಿತು. ಅವ್ವೆಯ ಸೀರೆ ಹಳದಿಯಾಯಿತು. ಆದರೆ ನಾಲ್ಕು ದಿನ ಕೆರೆತ ಇಳಿದೇ ಇಳಿಯಿತು. ನಾನು 'ಗಂಧಕ ಗುಣಕಾರಿ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಐದನೇ ದಿನ ಗೆರೆ ಹೊಡೆದು ಹಾಕಿದೆ.

ಅದೇ ವಾರದ ನಡುವೆ ಗೌಡಮಾಮ ಬಂದರು. ಅವರು ಹಟ್ಟಿಯ ಹಿರಿಯರು. ಅವರ ಎಮ್ಮೆಕೊಟ್ಟಿಗೆ ನಮ್ಮ ಗೋಡೆಗೆ ಅಂಟಿಕೊಂಡಿದೆ. ಈ ತಿಂಗಳುಗಳಲ್ಲಿ ಅವರಿಗೆ ಬಿಡದ ಸೀನು, ಕೆಂಪು ಕಣ್ಣು. ಸೊಸೆ ಮೆಣಸಿನಕಾಯಿ ಹುರಿಯುವುದರಿಂದ ಎಂದು ವರ್ಷವರ್ಷವೂ ದೂರು.

"ಭೋಜಾ, ಇದು ಕಜ್ಜಿ," ಎಂದರು ನನಗೆ, ಎರಡು ಸೀನು ಸೀನಿ. "ಎನ್ನ ಅಪ್ಪನ ಕಾಲದಲ್ಲಿ ಒಂದು ಕಜ್ಜಿನಾಯಿ ಬಂದು ಕೊಟ್ಟಿಗೇ ಹಾಳಾತು. ಎಮ್ಮೆಗ ಹತ್ತಿದರ ಏನ ಮಾಡಲಿ?"

"ಕಜ್ಜಿ ಇಲ್ಲೆ ಮಾಮ, ಬರೀ ಕೆರೆತ," ಎಂದಳು ಅವ್ವೆ, ಒಳಗಿನಿಂದಲೇ.

"ಸೋಮವಾರ ಕಟ್ಟೆಗ ಬಾ. ಅಷ್ಟರೊಳಗ ಕಜ್ಜಿ ಇಲ್ಲೆ ಅಂತ ತೋರಿಸು. ಇಲ್ಲಾಂದ್ರ ಎನ್ನ ಕೋವಿ ಇದೆ."

ಸೋಮವಾರ ನಮ್ಮಲ್ಲಿ ಹೊಲಕ್ಕೆ ಏರು ಕಟ್ಟುವುದಿಲ್ಲ. ಊರ ತೀರ್ಮಾನಗಳೆಲ್ಲ ಅಂದೇ, ಕಟ್ಟೆಯ ಮೇಲೆ.

ಅವ್ವೆ ಅಂದು ಊಟ ಮಾಡಲಿಲ್ಲ. ನಾಯಿ ಎರಡು ಪಾಲು ತಿಂದಿತು.

ಶುಕ್ರವಾರ ರಜೆ ಹಾಕಿ ಕಂಬಳಿಯನ್ನು ಊಟಿಯ ದನದಾಸ್ಪತ್ರೆಗೆ ನಡೆಸಿಕೊಂಡು ಹೋದೆ. ಇಪ್ಪತ್ತು ಹೆಜ್ಜೆಗೊಮ್ಮೆ ಅದು ಕುಳಿತು ಕೆರೆದುಕೊಳ್ಳುತ್ತಿತ್ತು. ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು.

ಡಾಕ್ಟರು ಮಧುರೆ ಕಡೆಯವರು. ಮೂಗು ಮುಚ್ಚಿಕೊಂಡೇ, "ಏನ್ ಸಾರ್, ನಾಯಿಯಾ ಉಪ್ಪಿನಕಾಯಿಯಾ?" ಎಂದರು. ಚಾಕುವಿನ ಅಂಚಿನಿಂದ ಮೂರು ಕಡೆ ಚರ್ಮ ಕೆರೆದು ಸ್ಕ್ರೇಪಿಂಗ್ ತೆಗೆದರು. ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತೂ ನಾನು ಪೆನ್ಸಿಲು ಹಿಡಿದು ನಿಂತಿದ್ದೆ. ವೇಳೆ ಮಾತ್ರ ಬರೆದುಕೊಂಡೆ.

"ಮೇಂಜ್ ಇಲ್ಲ, ಕಜ್ಜಿ ಅಲ್ಲ. ಒಂದು ಹುಳವೂ ಇಲ್ಲ."

ಮತ್ತೆ ಯಾಕೆ ಎಂದು ಕೇಳಿದೆ. ನೋಟುಬುಕ್ಕು ಕೊಟ್ಟೆ. ಅವರು ಹಾಳೆ ತಿರುವುತ್ತ ಒಂದು ಕಡೆ ನಿಂತರು.

"ಈ ನಾಲ್ಕು ದಿನ ಕಡಿಮೆ. ಏನು ಕೊಟ್ಟಿರಿ?"

"ಗಂಧಕ."

"ಐದನೇ ದಿನ?"

"ಗಂಧಕವೇ."

"ಭಾನುವಾರಗಳಲ್ಲೂ ಕಡಿಮೆ ಇದೆ. ನಾಯಿಗೆ ಭಾನುವಾರ ಗೊತ್ತಾಗುತ್ತಾ ಸಾರ್? ಆ ನಾಲ್ಕು ದಿನ ನೀವೆಲ್ಲಿದ್ದಿರಿ?"

ಊಟಿಯಲ್ಲೇ ಇದ್ದೆ. ಗವರ್ನರ್ ಬರುವ ಮುಂಚಿನ ಸಡಗರ, ಆಫೀಸಿನಲ್ಲೇ ಮಲಗಿದ್ದೆ. ಎಣಿಕೆ ಅವ್ವೆಯದು, ಗೋಡೆಯ ಮೇಲೆ ಇದ್ದಿಲಿನಲ್ಲಿ. ಬಂದ ಮೇಲೆ ನಾನು ನಕಲು ಮಾಡಿಕೊಂಡದ್ದು.

"ಅದನ್ನು ಯಾಕೆ ಬರೆದಿಲ್ಲ?"

"ವರದಿಯಲ್ಲಿ ನಾನು ಬರಬಾರದು."

ಡಾಕ್ಟರು ನನ್ನನ್ನು ನಾಯಿಗಿಂತ ಹೆಚ್ಚು ಕರುಣೆಯಿಂದ ನೋಡಿದರು.

ಹಾಗೆ ಸಂಗತಿ ಹೊರಬಂತು. ಕೆಲಸ ಮುಗಿಸಿ ನಾನು ಒಳದಾರಿಯಲ್ಲಿ ಬರುತ್ತೇನೆ. ಅಲ್ಲಿ ದೊರೆಗಳು ನೆಟ್ಟ ವ್ಯಾಟಲ್ ಕಾಡು. ಈಗ ಹಳದಿ ಹೂವಿನ ಕಾಲ. ಕಂಬಳಿ ದಿನವೂ ನಾಲ್ಕು ಗಂಟೆಗೇ ಹೋಗಿ ಆ ಮರಗಳ ಕೆಳಗೆ ಉದುರಿದ ಪುಡಿಯಲ್ಲಿ ಹೊರಳಾಡುತ್ತ ನನಗಾಗಿ ಕಾಯುತ್ತದೆ. ಭಾನುವಾರ ನಾನು ಮನೆಯಲ್ಲೇ, ಕಂಬಳಿಯೂ ಮನೆಯಲ್ಲೇ; ನಾನು ಊಟಿಯಲ್ಲಿ ಉಳಿಯುವ ದಿನ ಅವ್ವೆ ಅದನ್ನು ಕಟ್ಟಿ ಹಾಕುತ್ತಾಳೆ. ಮೂರು ವರ್ಷದ ಕೆರೆತಕ್ಕೆ ಕಾರಣ ಪ್ರತಿ ಸಂಜೆ ಆರು ಗಂಟೆಗೆ ಆ ಕಾಡಿನಿಂದ ನಡೆದು ಬರುತ್ತಿತ್ತು, ಕಂಕುಳಲ್ಲಿ ನೋಟುಬುಕ್ಕು ಇಟ್ಟುಕೊಂಡು.

"ದೊರೆಗಳಿಗೆ ಹೂವಿನ ಪುಡಿಯಿಂದ ಹೇ ಫೀವರ್ ಬರುತ್ತದಲ್ಲ, ಸೀನು, ಕೆಂಪು ಕಣ್ಣು, ಆ ಜಾತಿ," ಎಂದರು ಡಾಕ್ಟರು. "ನಾಯಿಗಾದರೆ ಕೆರೆತ. ಎಣ್ಣೆ, ಗಂಧಕ ನಿಲ್ಲಿಸಿ. ತಣಿದ ಬಾರ್ಲಿ ಗಂಜಿಯ ತಿಳಿಯಲ್ಲಿ ಮೈ ತೊಳೆಯಿರಿ. ಪೂರ್ತಿ ವಾಸಿ ಆಗಲ್ಲ. ವರ್ಷವರ್ಷ ಬರುತ್ತೆ. ಕಾಡಿನಿಂದ ದೂರ ಇಡಿ."

"ನಾವು ಕುಡಿಯೋ ಗಂಜಿಲಿ ನಾಯಿ ಮೀಸೋದಾ?" ಎಂದಳು ಅವ್ವೆ, ನಾನು ಮನೆಗೆ ಬಂದು ತಿಳಿಸಿದಾಗ. ಹೇಳುತ್ತಲೇ ಒಲೆಗೆ ಮಡಕೆ ಇಟ್ಟಳು.

ಸೋಮವಾರ ಕಟ್ಟೆಯಲ್ಲಿ ಡಾಕ್ಟರ ಚೀಟಿ ಓದಿದೆ. ಇಂಗ್ಲಿಷಿನಲ್ಲಿತ್ತು. ಗೌಡಮಾಮ ಪೂರ್ತಿ ಕೇಳಿದರು.

"ಓದಿದವ ನೀನೇ, ನಾಯಿಯೂ ನಿನ್ನದೇ. ಎನಗ ಹೇಗೆ ನಂಬಿಕೆ?"

ಆಕ್ಷೇಪ ನ್ಯಾಯವಾಗಿತ್ತು. ನಾನಾದರೂ ಅಂಥ ಸುದ್ದಿ ಅಚ್ಚಿಗೆ ಕೊಡುತ್ತಿರಲಿಲ್ಲ. ಕೊನೆಗೆ ತೀರ್ಮಾನವಾದದ್ದು ಇದು: ನಾಯಿಯನ್ನು ಎಂಟು ದಿನ ಗೌಡರ ಮುಂದಿನ ಅಂಗಳದಲ್ಲಿ ಕಟ್ಟುವುದು. ಕಾಯುವವರು ಗೌಡರೇ. ಕಡಿಮೆಯಾಗದಿದ್ದರೆ ಕೋವಿ.

ಎಂಟು ದಿನ ಅವರು ಎಂದಿನಂತೆ ಎಮ್ಮೆ ಮೇಯಿಸಲು ಆ ವ್ಯಾಟಲ್ ಕಾಡಿಗೆ ಹೋಗಲಿಲ್ಲ. ಜಗಲಿಯಲ್ಲಿ ಕುಳಿತು, ಒಂದು ಕೆರೆತಕ್ಕೆ ಒಂದು ಕಲ್ಲು ಇಟ್ಟರು. ಅವ್ವೆ ದಿನಕ್ಕೆರಡು ಸಲ ಗಂಜಿತಿಳಿ ಹೊತ್ತು ಹೋದಳು. ಮೊದಲ ದಿನ ಕಲ್ಲಿನ ಗುಡ್ಡೆ ಮೊಣಕಾಲಿಗೆ ಬಂದಿತ್ತು. ಆರನೇ ದಿನ ಒಂದು ಬೊಗಸೆ. ಎಂಟನೇ ದಿನ ಲೆಕ್ಕಕ್ಕೆ ಕಲ್ಲು ಬೇಕಾಗಲಿಲ್ಲ, ಬೆರಳು ಸಾಕಾದವು.

ಕಟ್ಟೆಯಲ್ಲಿ ಗೌಡರು ಮಾತೆತ್ತುವ ಮುಂಚೆ ಅವರ ಸೊಸೆ, ಹೆಂಗಸರ ಗುಂಪಿನಿಂದಲೇ ಕೂಗಿ ಹೇಳಿದಳು:

"ಮಾಮ, ಈ ವಾರ ನಾ ಎರಡು ಸಲ ಮೆಣಸಿನಕಾಯಿ ಹುರಿದೆ. ನಿಮಗ ಒಂದು ಸೀನೂ ಬರಲಿಲ್ಲೆ!"

ಗೌಡರು ಮೂಗು ಮುಟ್ಟಿ ನೋಡಿಕೊಂಡರು. ನಾಯಿಯನ್ನು ನೋಡಿದರು. ನಾಯಿ ಅವರನ್ನು ನೋಡಿತು.

"ಕಜ್ಜಿ ಇಲ್ಲೆ," ಎಂದರು. ಎಲ್ಲರೂ ಎದ್ದ ಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಭೋಜಾ, ಆ ಡಾಕ್ಟರು ಮನುಷ್ಯರನ್ನೂ ನೋಡ್ತಾನಾ?"

ಈಗ ನಾನು ಬಂಡಿದಾರಿಯಲ್ಲಿ ಬರುತ್ತೇನೆ, ಮುಕ್ಕಾಲು ಗಂಟೆ ಸುತ್ತು. ಕಂಬಳಿಗೆ ಕೂದಲು ಬರುತ್ತಿದೆ, ಅಲ್ಲಲ್ಲಿ. ಬರುವ ವರ್ಷ ಹೂವು ಬರುತ್ತದೆ, ಕೆರೆತವೂ ಬರುತ್ತದೆ. ಡಾಕ್ಟರು ಆಸೆ ತೋರಿಸಿಲ್ಲ, ನಾವೂ ಕೇಳಿಲ್ಲ. ಬಾಗಿಲಲ್ಲಿ ಒಂದು ನಾಯಿ ಕಾಯುತ್ತದೆ, ಅವ್ವೆ ಅದಕ್ಕೆ ಬೈಯುತ್ತಾಳೆ. ಸದ್ಯಕ್ಕೆ ಅಷ್ಟಿದೆ.

ನೋಟುಬುಕ್ಕು ಮುಂದುವರಿದಿದೆ. ನಿನ್ನೆಯದು ಹೀಗಿದೆ: 'ಸಂಜೆ ಆರೂಮುಕ್ಕಾಲು. ನಾನು ಬಂಡಿದಾರಿಯಲ್ಲಿ ಬಂದೆ. ಕಾಲು ನೋವು. ಕೆರೆತ: ನಾಯಿಗೆ ಎರಡು, ನನಗೆ ಒಂದು.'