ಬೃಂದಾ ಕಟ್ಟಿದ ಎರಡು ದನಿಯ ಗಿಟಾರು

ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುವ ಬೃಂದಾ ಹಗಲೆಲ್ಲ ತಾಮ್ರದ ತಂತಿ ಸುತ್ತುವವಳು. ಗರುಡಾಚಾರ್‌ಪಾಳ್ಯದ ಸಣ್ಣ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷದಿಂದ ಅವಳಿಗೆ ಅದೇ ಕೆಲಸ. ಬೆಳಿಗ್ಗೆ ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಸಂಜೆ ಆರಕ್ಕೆ ಜೋಗುಪಾಳ್ಯದ ಮನೆಯಲ್ಲಿರುತ್ತಾಳೆ. ಕಾರ್ಯಕ್ರಮ ಇದ್ದ ದಿನ ಆರೂವರೆಗೆ ಮತ್ತೆ ಹೊರಗೆ, ಎರಡು ಭುಜಕ್ಕೆ ಎರಡು ಗಿಟಾರು ಏರಿಸಿಕೊಂಡು.

ಎರಡು ಯಾಕೆಂದರೆ, ನಾವು ನುಡಿಸುವ ಹಾಡುಗಳು ಹಾಗಿವೆ. ಪಲ್ಲವಿಗೆ ಮುಂಚೆ ಮರದ ಗಿಟಾರಿನ ಮೆಲುದನಿ ಬೇಕು, ಚರಣದ ಹೊತ್ತಿಗೆ ಎಲೆಕ್ಟ್ರಿಕ್ ಗಿಟಾರು ಗುಡುಗಬೇಕು. ನಡುವೆ ಸಿಗುವುದು ನಾಲ್ಕು ಮಾತ್ರೆಯಷ್ಟು ಹೊತ್ತು. ಅಷ್ಟರಲ್ಲಿ ಬೃಂದಾ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೀಬೋರ್ಡಿನ ಹಿಂದೆ ನಿಂತಿರುವ ನಾನು, ಶ್ರೀನಾಥ್, ಹಗಲು ಬಾಣಸವಾಡಿಯ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು, ಪ್ರತಿ ಸಲವೂ ತಲೆ ಬಗ್ಗಿಸಿಕೊಳ್ಳುತ್ತಿದ್ದೆ. ಗಿಟಾರಿನ ತುದಿ ನನ್ನ ಕನ್ನಡಕಕ್ಕೆ ಎರಡು ಸಲ ಬಡಿದಿತ್ತು.

ಒಂದು ನವೆಂಬರಿನಲ್ಲಿ ಬಾಣಸವಾಡಿಯ ರಾಜ್ಯೋತ್ಸವದ ವೇದಿಕೆ ತೀರ ಚಿಕ್ಕದಾಗಿತ್ತು. ಬೃಂದಾ ಮರದ ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ ತಿರುಗುವಷ್ಟರಲ್ಲಿ ಯಾರೋ ಸನ್ಮಾನದ ಹಾರ ಹೊತ್ತುಕೊಂಡು ನುಗ್ಗಿದರು. ಸ್ಟ್ಯಾಂಡು ಉರುಳಿತು. ಗಿಟಾರಿನ ಕುತ್ತಿಗೆ ಮುರಿದ ಸದ್ದು ಮೈಕಿನಲ್ಲೂ ಕೇಳಿಸಿತು.

ನಮ್ಮ ಆರ್ಕೆಸ್ಟ್ರಾದ ಯಜಮಾನ ಲಕ್ಷ್ಮಿಕಾಂತ ಹಲಸೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು, ಹಾಡುವವನೂ ಅವನೇ. ಕಾರ್ಯಕ್ರಮ ಮುಗಿದ ಮೇಲೆ ಬಂದು, ಮುಖ ಬೇರೆ ಕಡೆ ಮಾಡಿಕೊಂಡು ಹೇಳಿದ. "ಬೇಜಾರ್ ಮಾಡ್ಕೋಬೇಡಿ ಬೃಂದಾ. ಇನ್ಮೇಲೆ ಆ ಮೆಲ್ಲಗಿರೋ ಭಾಗ ಎಲ್ಲ ಮೇಷ್ಟ್ರು ಕೀಬೋರ್ಡಲ್ಲೇ ನುಡಿಸ್ಬಿಡ್ಲಿ. ಗಿಟಾರ್ ಟೋನ್ ಇದೆಯಲ್ಲ ಅದ್ರಲ್ಲಿ."

ಬೃಂದಾ ನನ್ನ ಕಡೆ ನೋಡಿದಳು. ನಾನು ವೈರು ಸುತ್ತುವುದರಲ್ಲಿ ಬಹಳ ಮಗ್ನನಾದವನಂತೆ ನಟಿಸಿದೆ. ನನ್ನ ಕೀಬೋರ್ಡಿನ ಗಿಟಾರು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಗಡಿನ ಡಬ್ಬಿಯೊಳಗೆ ಯಾರೋ ಚಮಚ ಆಡಿಸಿದ ಹಾಗಿರುತ್ತದೆ.

ಮುರಿದ ಗಿಟಾರನ್ನು ಮರುದಿನವೇ ಶಿವಾಜಿನಗರದ ಆಸಿಮ್ ಭಾಯಿ ಹತ್ತಿರ ಒಯ್ದೆವು. ಮೂವತ್ತು ವರ್ಷದಿಂದ ವಾದ್ಯ ರಿಪೇರಿ ಮಾಡುವವರು ಅವರು. ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟರು.

"ಇದು ಖತಮ್ ಅಮ್ಮಾ. ಅಂಟ್ ಹಾಕಿದ್ರೆ ಗೋಡೆಗೆ ನೇತಾಕೋಕೆ ಆಗುತ್ತೆ, ಅಷ್ಟೇ."

"ಎರಡೂ ಸೌಂಡು ಒಂದ್ರಲ್ಲೇ ಬರೋ ಗಿಟಾರು ಇರುತ್ತಲ್ಲಾ ಭಾಯ್?"

"ಇರುತ್ತೆ. ಹೈಬ್ರಿಡ್ ಅಂತಾರೆ. ಹೊರಗಡೆಯಿಂದ ತರಿಸ್ಬೇಕು." ಆಸಿಮ್ ಭಾಯಿ ಕನ್ನಡಕ ತೆಗೆದು ಒರೆಸಿಕೊಂಡರು. "ಅದ್ರೊಳಗೆ ಏನಿರುತ್ತೆ ಹೇಳು? ಮಾಮೂಲಿ ಎಲೆಕ್ಟ್ರಿಕ್ಕಿಗೆ ಇರೋ ಪಿಕಪ್ಪು, ಅಂದ್ರೆ ಮ್ಯಾಗ್ನೆಟ್ ಸುತ್ತ ತಾಮ್ರದ ತಂತಿ. ಆಮೇಲೆ ತಂತಿ ಕೂರೋ ಬ್ರಿಡ್ಜ್ ಕೆಳಗೆ ಪೀಜೋ ಬಿಲ್ಲೆ. ಮರದ ಅದುರಾಟ ಹಿಡಿಯೋದು ಅದೇ. ಎರಡಕ್ಕೂ ಸೇರಿ ಒಂದು ಸ್ವಿಚ್ಚು."

"ತಾಮ್ರದ ತಂತಿ ಸುತ್ತೋದಾ?" ಎಂದಳು ಬೃಂದಾ.

ಆ ಮೂರು ಪದ ಹೇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಇವಳು ಗಿಟಾರು ತರಿಸುವುದಿಲ್ಲ ಎಂದು.

ಮರಕ್ಕೆ ಆಸಿಮ್ ಭಾಯಿಯೇ ಬಂಬೂ ಬಜಾರಿನ ಹಳೆ ಮರದ ಅಂಗಡಿ ತೋರಿಸಿದರು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆಗಳ ರಾಶಿಯಲ್ಲಿ ಬೃಂದಾ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದಳು. ಕೊನೆಗೆ ಒಂದು ದಪ್ಪ ಹಲಸಿನ ಹಲಗೆ ಆರಿಸಿದಳು. ವೀಣೆಗೆ ಬಳಸುವ ಮರ, ಹಾಗಾಗಿ ನನಗೂ ಸಮಾಧಾನವಾಯಿತು. ಅದನ್ನು ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್ ಹಲಗೆಯನ್ನೂ ಅವಳನ್ನೂ ನೋಡಿದ.

"ಮೇಡಂ, ನಿಮಗೆ ಫ್ರೀ. ಹಲಗೆಗೆ ಲಗೇಜ್ ಟಿಕೆಟ್ ತಗೋಬೇಕು."

"ಇದು ಹಲಗೆ ಅಲ್ಲ ಸಾರ್, ಗಿಟಾರು."

"ಸರಿ ಹಂಗಾದ್ರೆ, ಒಂದ್ ಹಾಡು ನುಡ್ಸಿ, ಬಿಟ್ಬಿಡ್ತೀನಿ," ಎಂದು ನಗುತ್ತಾ ಟಿಕೆಟ್ ಹರಿದುಕೊಟ್ಟ.

ಜೋಗುಪಾಳ್ಯದಲ್ಲಿ ಅವರದು ಮೊದಲ ಮಹಡಿಯ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ, ಅದರ ಕೆಳಗೆ ಮಂಚ, ಕಿಟಕಿಯ ಹತ್ತಿರ ಅತ್ತೆ ಮುನಿವೆಂಕಟಮ್ಮನವರ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು. ಗಂಡ ಸುಗತ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಲಗೆ ಮಂಚದ ಮೇಲೆ ಮಲಗಿದ ದಿನ ಅವನು ಕೇಳಿದ್ದು ಒಂದೇ ಪ್ರಶ್ನೆ: "ಇದು ಇಲ್ಲಿ ಮಲಗಿದ್ರೆ ನಾನೆಲ್ಲಿ ಮಲಗ್ಲಿ?"

ಭಾನುವಾರಗಳು ತಾರಸಿಯ ಮೇಲೆ ಕಳೆದವು. ಬೃಂದಾ ರಟ್ಟಿನಲ್ಲಿ ಆಕಾರ ಕತ್ತರಿಸಿ ಹಲಗೆಯ ಮೇಲೆ ಗೆರೆ ಎಳೆದಳು. ಆಸಿಮ್ ಭಾಯಿ ಕೊಟ್ಟ ಗರಗಸ, ಉಳಿ, ಅರ. ಒಳಗೆ ಒಂದು ಕಡೆ ಟೊಳ್ಳು ಮಾಡಿದಳು. ಮರ ಉಸಿರಾಡಲಿ ಅಂತ ಅವಳು, ಭಾರ ಕಡಿಮೆಯಾಗಲಿ ಅಂತ ನಾನು. ಕುತ್ತಿಗೆ ಮಾತ್ರ ಹೊಸದಲ್ಲ. ತನ್ನ ಎಲೆಕ್ಟ್ರಿಕ್ ಗಿಟಾರಿನದ್ದನ್ನೇ ಬಿಚ್ಚಿಬಿಟ್ಟಳು.

"ಅಲ್ಲ ಬೃಂದಾ, ಇದು ಸರಿಯಾಗ್ಲಿಲ್ಲ ಅಂದ್ರೆ ನಿನ್ನ ಹತ್ರ ಒಂದು ಗಿಟಾರೂ ಇರಲ್ಲ," ಎಂದೆ.

"ಅದಕ್ಕೇ ಮೇಷ್ಟ್ರೇ ಬಿಚ್ಚಿದ್ದು. ಇಲ್ದಿದ್ರೆ ಅರ್ಧಕ್ಕೆ ಬಿಟ್ಬಿಡ್ತೀನಿ."

ಪಿಕಪ್ಪಿಗೆ ಬೇಕಾದ ತಂತಿ ಕೂದಲಿಗಿಂತ ಸಣ್ಣದು, ಸುಮಾರು ಎಂಟು ಸಾವಿರ ಸುತ್ತು ಬೇಕು. ಕಾರ್ಖಾನೆಯ ಯಂತ್ರ ದಪ್ಪ ತಂತಿಯದು, ಇಷ್ಟು ಸಣ್ಣದನ್ನು ಎಳೆದು ಹರಿದುಹಾಕುತ್ತದೆ. ಅವಳು ಯೋಚಿಸುತ್ತ ಕೂತಿದ್ದಾಗ ಮುನಿವೆಂಕಟಮ್ಮನವರು ಬಾಬಿನ್ನಿಗೆ ದಾರ ಸುತ್ತುತ್ತಿದ್ದರು. ಮೆಷಿನ್ನಿನ ಪಕ್ಕದ ಪುಟ್ಟ ಕಡ್ಡಿಯ ಮೇಲೆ ಬಾಬಿನ್ನು ಗಿರಗಿರ ತಿರುಗುತ್ತಿತ್ತು. ಬೃಂದಾ ಅದನ್ನೇ ನೋಡಿದಳು. ಅತ್ತೆ ಸೊಸೆಯನ್ನು ನೋಡಿದರು.

"ಏನ್ ಕಣ್ಣು ಬಿಡ್ತಿದ್ದೀಯ? ನನ್ ಮೆಷಿನ್ ಬಿಚ್ಚೋಕೆ ಬಿಡಲ್ಲ."

"ಬಿಚ್ಚಲ್ಲ ಅತ್ತೆ. ನೀವು ಬರೀ ತುಳೀರಿ."

ಮುನಿವೆಂಕಟಮ್ಮನವರು ಇಪ್ಪತ್ತೈದು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವರು. ಅವರ ಕಾಲಿನ ಲಯಕ್ಕೆ ನಮ್ಮ ಡ್ರಮ್ಮರ್ ಕೂಡ ಸಾಟಿಯಲ್ಲ. ಅತ್ತೆ ತುಳಿದರು, ಸೊಸೆ ಎರಡು ಬೆರಳ ನಡುವೆ ತಂತಿಯನ್ನು ಸವರುತ್ತ ಬಿಟ್ಟಳು. ಬೃಂದಾ ಒಂದು ಹಳೆ ಕ್ಯಾಲ್ಕುಲೇಟರನ್ನು ಬಿಚ್ಚಿ, ಪ್ರತಿ ಸುತ್ತಿಗೂ ಒಂದೊಂದು ಅಂಕಿ ಕೂಡುವ ಹಾಗೆ ಕಡ್ಡಿಗೆ ಜೋಡಿಸಿದ್ದಳು. ಅದನ್ನು ಓದಿ ಐನೂರಕ್ಕೊಮ್ಮೆ ಕೂಗುವುದು ನನ್ನ ಪಾಲಿನ ಕೆಲಸ.

ಮೂರು ಸಾವಿರದ ಇನ್ನೂರಕ್ಕೆ ನನಗೆ ಸೀನು ಬಂತು. ತಂತಿ ಹರಿಯಿತು.

"ಮೇಷ್ಟ್ರನ್ನ ಮೆಟ್ಟಿಲ ಹತ್ರ ಕೂರ್ಸು," ಎಂದರು ಮುನಿವೆಂಕಟಮ್ಮ. ಎರಡನೆಯ ಸಲ ನಾನು ಮೆಟ್ಟಿಲಿನಿಂದ ಕತ್ತು ಚಾಚಿ ಎಣಿಕೆ ಕೂಗಿದೆ. ಒಂದೇ ಪಟ್ಟಿಗೆ ಎಂಟು ಸಾವಿರ ಮುಗಿಯಿತು. ಅತ್ತೆ ಎದ್ದು ಮೊಣಕಾಲು ನೀವಿಕೊಂಡು, "ಒಂದ್ ಡಜನ್ ಶರ್ಟ್ ಆಗಿರೋದು ಇಷ್ಟೊತ್ತಿಗೆ," ಎಂದರು. ಆದರೆ ಆ ಪುಟ್ಟ ಸುರುಳಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದವರೂ ಅವರೇ.

ಫೆಬ್ರವರಿಯಲ್ಲಿ ಬೃಂದಾ ಗಿಟಾರಿಗೆ ತಂತಿ ಕಟ್ಟಿದಳು. ಕೆಳಗಿನ ಸ್ವರಗಳು ಸರಿಯಾಗಿದ್ದವು. ಬೆರಳು ಮೇಲೆ ಹೋದಂತೆ ನನ್ನ ಹಲ್ಲು ಜುಮ್ಮೆನ್ನತೊಡಗಿತು. ಮೇಲೆ ಹೋದಷ್ಟೂ ಶ್ರುತಿ ಇರಬೇಕಾದ್ದಕ್ಕಿಂತ ಹೆಚ್ಚು ಏರುತ್ತಿತ್ತು. ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗ ಅವಳೇ ನಿಲ್ಲಿಸಿದಳು.

"ಗೊತ್ತಾಯ್ತು ಬಿಡಿ ಮೇಷ್ಟ್ರೇ."

ಆಸಿಮ್ ಭಾಯಿ ಬಂದು ಅಳತೆಪಟ್ಟಿ ಇಟ್ಟು ಕಾರಣ ಹೇಳಿದರು. ಕುತ್ತಿಗೆ ಕೂರಿಸುವ ಗುಳಿಯನ್ನು ಅರದಿಂದ ಉಜ್ಜಿ ಉಜ್ಜಿ ಉದ್ದ ಮಾಡಿದ್ದಳು. ಕುತ್ತಿಗೆ ಆರು ಮಿಲಿಮೀಟರ್ ಬ್ರಿಡ್ಜಿನ ಕಡೆಗೆ ಸರಿದು ತಂತಿಯ ಅಳತೆ ಗಿಡ್ಡವಾಗಿತ್ತು. ಬ್ರಿಡ್ಜಿನ ತೂತುಗಳನ್ನು ಅದಕ್ಕೂ ಮುಂಚೆಯೇ ಕೊರೆದಾಗಿತ್ತು. ಬೃಂದಾ ಗಿಟಾರನ್ನು ಹಳೆ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಒಂದು ವಾರ ಅದು ಅಲ್ಲೇ ಇತ್ತು, ಅವಳು ನನ್ನ ಫೋನನ್ನೂ ಎತ್ತಲಿಲ್ಲ. ಅವಳು ಎಲೆಕ್ಟ್ರಿಕ್ಕಿನ ಕುತ್ತಿಗೆ ಬಿಚ್ಚಿದಾಗಿನಿಂದ ಕಾರ್ಯಕ್ರಮಗಳಲ್ಲಿ ಎರಡು ಗಿಟಾರಿನ ಕೆಲಸವನ್ನೂ ನನ್ನ ಚಮಚದ ಡಬ್ಬಿಯೇ ಮಾಡುತ್ತಿತ್ತು.

ಎಂಟನೆಯ ದಿನ ಮುನಿವೆಂಕಟಮ್ಮನವರೇ ಪೊರಕೆಯಿಂದ ಅದನ್ನು ಹೊರಗೆಳೆದರಂತೆ.

"ಕಾಲರ್ ಸೊಟ್ಟ ಬಂದ್ರೆ ಶರ್ಟ್ ಬಿಸಾಕ್ತಿದ್ವಾ? ಬಿಚ್ತಿದ್ವಿ, ಮತ್ತೆ ಹೊಲೀತಿದ್ವಿ. ಆರು ಮಿಲಿಮೀಟ್ರಿಗೆ ಒಂದ್ ವಾರ ಮುಖ ಊದಿಸ್ಕೊಂಡು ಓಡಾಡ್ತಿದ್ದೀಯಲ್ಲ."

ಅದೇ ಸಂಜೆ ಬೃಂದಾ ಹಳೆಯ ತೂತುಗಳಿಗೆ ಹಲಸಿನದೇ ಬೆಣೆ ಹೊಡೆದು, ಒಣಗಲು ಬಿಟ್ಟು, ಭಾನುವಾರ ಹೊಸದಾಗಿ ಕೊರೆದಳು. ಈ ಸಲ ಕೊರೆಯುವ ಮುಂಚೆ ಏಳು ಸಲ ಅಳೆದಳು. ಏಳೂ ಸಲ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದವನು ಸುಗತ.

ಏಪ್ರಿಲ್ ಹದಿನಾಲ್ಕರ ಅಂಬೇಡ್ಕರ್ ಜಯಂತಿಗೆ ಜೋಗುಪಾಳ್ಯದ ರಸ್ತೆಯಲ್ಲೇ ವೇದಿಕೆ. ಬೃಂದಾ ಒಂದೇ ಗಿಟಾರು ಹಿಡಿದು ಬಂದಳು. ಬಣ್ಣ ಹಚ್ಚಿರಲಿಲ್ಲ, ಬರೀ ಎಣ್ಣೆ ಕುಡಿದ ಹಳದಿ ಮರ. ಲಕ್ಷ್ಮಿಕಾಂತ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ನಡೂ ಮಧ್ಯ ಕೈ ಕೊಟ್ರೆ?"

"ಮೇಷ್ಟ್ರು ಇದ್ದಾರಲ್ಲ."

ಮೊದಲನೆಯದು ಮೆಲ್ಲಗೆ ಶುರುವಾಗುವ ಹಾಡು. ಮುಂದಿನ ಸಾಲಿನಲ್ಲಿ ಹಿರಿಯರು ಕೈ ಮುಗಿದು ಕೂತಿದ್ದರು. ಬೃಂದಾ ಕಣ್ಣು ಮುಚ್ಚಿ ಮೊದಲ ತಂತಿ ಮೀಟಿದಳು. ಸ್ವಿಚ್ಚು ಅದಲುಬದಲಾಗಿತ್ತು. ಮೆಲುದನಿಯ ಬದಲು ಎಲೆಕ್ಟ್ರಿಕ್ ಗಿಟಾರು ಹುಲಿಯ ಹಾಗೆ ಗರ್ಜಿಸಿತು. ಸ್ಪೀಕರಿನ ಕೆಳಗೆ ಮಲಗಿದ್ದ ನಾಯಿ ಅಂಗಡಿಯೊಂದರ ಒಳಗೇ ಓಡಿತು. ನಾನು ಕೀಬೋರ್ಡಿಗೆ ಕೈ ಹಾಕಿದೆ. ಬೃಂದಾ ಬೇಡವೆಂದು ತಲೆ ಅಲ್ಲಾಡಿಸಿ, ಆ ಗರ್ಜನೆಯನ್ನೇ ನಾಲ್ಕು ಸ್ವರ ಇಳಿಸುತ್ತ ಬಂದು, ಸ್ವಿಚ್ಚು ತಳ್ಳಿದಳು. ಹುಲಿ ಹೋಗಿ ಮರದ ಗಿಟಾರು ಬಂತು. ಹಿಂದಿನಿಂದ ಶಿಳ್ಳೆಯೋ ಶಿಳ್ಳೆ. ಹಾಡು ಹಾಗೇ ಇರುವುದೆಂದು ಜನ ತಿಳಿದಿದ್ದರು.

ಚರಣ ಮುಗಿದ ಮೇಲೆ ಅವಳು ಸ್ವಿಚ್ಚನ್ನು ನಡುವಿಗೆ ತಂದಳು. ಎರಡು ದನಿಯೂ ಒಟ್ಟಿಗೆ ಬಂದವು. ಒಳಗೆ ಮರ, ಮೇಲೆ ತಾಮ್ರ. ಇಷ್ಟು ವರ್ಷ ವೇದಿಕೆಯ ಮೇಲೆ ಅವಳ ಪಕ್ಕದಲ್ಲೇ ನಿಂತ ನಾನು ಅಂಥ ಸದ್ದು ಕೇಳಿರಲಿಲ್ಲ. ನುಡಿಸಬೇಕಾದ ಕಡೆ ನುಡಿಸದೆ ಸುಮ್ಮನೆ ನಿಂತುಬಿಟ್ಟೆ. ಲಕ್ಷ್ಮಿಕಾಂತ ನನ್ನ ಕಡೆ ಕಣ್ಣು ಕೆಂಪಗೆ ಮಾಡಿದ, ಆಮೇಲೆ ಅವನೂ ಒಂದು ಸಾಲು ಹಾಡುವುದನ್ನು ಮರೆತ.

ಇಳಿದು ಬಂದಾಗ ಅವನು ಹೇಳಿದ್ದು ಇಷ್ಟು: "ಆ ಶುರು ಚೆನ್ನಾಗಿತ್ತು ರೀ. ಮುಂದಿನ್ ಸಲಾನೂ ಇರ್ಲಿ."

"ಇರ್ಲಿ ಅಂದ್ರೆ ಇರುತ್ತೆ," ಎಂದಳು ಬೃಂದಾ.

ಸುದ್ದಿ ಆಸಿಮ್ ಭಾಯಿಯ ಅಂಗಡಿಯಿಂದ ಹರಡಿತು. ಕಾರ್ಖಾನೆಯ ಕೆಲಸ ಬೃಂದಾ ಬಿಟ್ಟಿಲ್ಲ. ಬಿಡುವ ಯೋಚನೆಯೂ ಇಲ್ಲ, ಅದು ತನಗೆ ಇಷ್ಟದ ಕೆಲಸ ಅನ್ನುತ್ತಾಳೆ. ಆದರೆ ಈ ಎರಡು ವರ್ಷದಲ್ಲಿ ಆ ತಾರಸಿಯಿಂದ ಇನ್ನೂ ಮೂರು ಗಿಟಾರು ಇಳಿದು ಹೋಗಿವೆ. ಮೂರನೆಯದು ಸಾಮಿಯಾ ಎಂಬ ಕಾಲೇಜು ಹುಡುಗಿಗೆ. ಅವಳು ಎಡಚಿ. ಅಂಗಡಿಗಳಲ್ಲಿ ಎಡಗೈಯವರ ಗಿಟಾರು ಕೇಳಿ ಕೇಳಿ ಸೋತು, ಬಲಗೈಯದ್ದನ್ನೇ ತಲೆಕೆಳಗಾಗಿ ಹಿಡಿದು ಆರು ವರ್ಷ ಕಲಿತವಳು.

ಹೋದ ತಿಂಗಳು ಅವಳು ಗಿಟಾರು ಒಯ್ಯಲು ಬಂದಾಗ ನಾನೂ ಅಲ್ಲಿದ್ದೆ. ಮಂಚದ ಅಂಚಿಗೆ ಕೂತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಿಚ್ಚು, ಬಿರಡೆಗಳ ಮೇಲೆ ಒಂದೊಂದಾಗಿ ಕೈಯಾಡಿಸಿದಳು.

"ಎಲ್ಲ ಕೈಗೆ ಸಿಗೋ ಜಾಗದಲ್ಲೇ ಇದೆ ಆಂಟಿ," ಎಂದಳು.

ಆಮೇಲೆ ನುಡಿಸಿದಳು. ಬೃಂದಾ ಅಡಿಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಟೀ ಲೋಟ ಹಿಡಿದು, ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದಳು. ಹಾಡು ಮುಗಿಯುವ ಮುಂಚೆಯೇ ಲೋಟ ಕೆಳಗಿಟ್ಟು ಕೈ ಚಾಚಿದಳು.

"ಮೂರನೇ ತಂತಿ ಒಂಚೂರು ಎತ್ತರ ಇದೆ. ಕೊಡು, ಇಳಿಸ್ಕೊಡ್ತೀನಿ."